ಈ ಊರಿನಲ್ಲಿ ಎರಡೇ ಕೈ

ಜನವರಿ ೯

ಪುಟ್ಟೀ,

ನಿನ್ನ ಕಚೇರಿಯ ಉದ್ದನೆಯ ಲಕೋಟೆ ಬಂತು. ಸರ್ಕಾರದ ಮುದ್ರೆ ನೋಡಿ ಅಂಚೆಯವನು ಎರಡು ಸಲ ನನ್ನ ಮುಖ ನೋಡಿದ. ಮಗಳು ಬರೆದಿದ್ದಾಳೆ ಕಣಯ್ಯ, ಜಪ್ತಿ ನೋಟಿಸಲ್ಲ ಎಂದು ಹೇಳಿ ಕಳಿಸಿದೆ. ಫೋನಿನಲ್ಲಿ ಕೇಳಬಹುದಿತ್ತಲ್ಲ ಎಂದುಕೊಂಡೆ. ಆಮೇಲೆ ನೆನಪಾಯಿತು, ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಕೇಳಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ. ಕಾಗದವೇ ವಾಸಿ.

ನಿನ್ನ ಕಚೇರಿಯ ವಿಚಾರಣಾ ಸಮಿತಿಯವರು ಸುತ್ತಿ ಬಳಸಿ ಬರೆದಿದ್ದರೂ ಅವರಿಗೆ ಬೇಕಾಗಿರುವುದು ಇಷ್ಟೇ ತಾನೆ? ನಮ್ಮ ಪೇಟೆಯಲ್ಲಿ ನಡೆಯುತ್ತಿರುವುದು ಮರದ ಡಿಪೋದ ಯಜಮಾನರ ಆಳ್ವಿಕೆ. ಪೊಲೀಸರು ಕಂಡೂ ಕಾಣದ ಹಾಗಿದ್ದಾರೆ. ಇದನ್ನು ಹೀಗೇ ಬಿಡುವುದೋ, ಬುಡಸಮೇತ ಕೀಳುವುದೋ? ಬಿಡಿ ಎಂದು ಬರೆದುಕೊ. ಕೆಳಗೆ ನನ್ನ ಸಹಿ ಹಾಕಿಕೊಡುತ್ತೇನೆ.

ನಾನು ಬೀಗ ರಿಪೇರಿ ಮಾಡುವವನು. ಕಳ್ಳರಿದ್ದರೆ ನನಗೆ ಕೆಲಸ. ಹನ್ನೊಂದು ವರ್ಷದಿಂದ ಈ ಪೇಟೆಯಲ್ಲಿ ಕಳ್ಳರಿಲ್ಲ. ಹಾಗಾಗಿ ನನಗೆ ಬರುವುದು ಕೀ ಕಳೆದುಕೊಂಡ ಮರೆಗುಳಿಗಳು, ತುಕ್ಕು ಹಿಡಿದ ಟ್ರಂಕುಗಳು, ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಆಮೇಲೆ ತೆಗೆಯಲಾರದೆ ಒದ್ದಾಡುವ ಗಂಡ ಹೆಂಡಿರು. ಇಂಥ ನಷ್ಟದವನೇ ಇದು ಒಳ್ಳೆಯದು ಎನ್ನುತ್ತಿದ್ದಾನೆ ಎಂದರೆ ನಿನ್ನ ಸಮಿತಿ ನಂಬಬೇಕು. ಸೈಕಲ್ಲುಗಳು ಗೋಡೆಗೆ ಒರಗಿ ನಿಂತಿರುತ್ತವೆ, ಸರಪಳಿ ಇಲ್ಲ. ಗಿರಣಿಯ ಹೆಂಗಸರು ಪಾಳಿ ಮುಗಿಸಿ ಕೈ ಬೀಸಿಕೊಂಡು ಮನೆಗೆ ಬರುತ್ತಾರೆ. ಹೋದ ತಿಂಗಳು ಹಾಲಿನ ಅಂಗಡಿಯವಳು ಪರ್ಸನ್ನು ಬೆಂಚಿನ ಮೇಲೆ ಮರೆತು ಹೋದಳು. ಮೂರು ಗಂಟೆಯ ಮೇಲೆ ಬಂದು ನೋಡಿದರೆ ಪರ್ಸು ಅಲ್ಲೇ ಇತ್ತು, ಮೇಲೊಂದು ಕಲ್ಲು, ಗಾಳಿಗೆ ಹಾರದಿರಲಿ ಅಂತ!

ಯಜಮಾನರು ಸಾಧುಗಳಲ್ಲ, ನನಗೂ ಗೊತ್ತು. ಮರದ ಡಿಪೋದಿಂದ ಹೊರಡುವ ಲಾರಿಗಳಲ್ಲಿ ಮರ ಮಾತ್ರ ಇರುವುದಿಲ್ಲ ಎನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು. ಇರಲಿ. ಆದರೆ ಡಿಪೋದ ಮುಂದೆ ಹಾಕಿರುವ ಬೆಂಚಿನ ಮೇಲೆ ಕೂತು ನಿನ್ನ ಕಷ್ಟ ಹೇಳಿಕೊಂಡರೆ ಸಂಜೆಯೊಳಗೆ ಅದಕ್ಕೊಂದು ದಾರಿ ಆಗುತ್ತದೆ. ಪೊಲೀಸ್ ಠಾಣೆಯಲ್ಲೂ ಬೆಂಚಿದೆ. ಅದರ ಮೇಲೆ ನಾನು ಎಷ್ಟು ದಿನ ಕೂತಿದ್ದೆ ಎಂದು ನಿನಗೆ ಹೇಳಬೇಕಾಗಿಲ್ಲ.

ನಿನ್ನ ಅಮ್ಮನ ಕೊರಳಿನ ಸರ ಕಿತ್ತದ್ದು ಹಾಡುಹಗಲಿನಲ್ಲಿ, ತರಕಾರಿ ಅಂಗಡಿಯ ತಿರುವಿನಲ್ಲಿ. ಅವಳು ಸರ ಬಿಡಲಿಲ್ಲ. ಬಿದ್ದಳು, ತಲೆ ಕಲ್ಲಿಗೆ ಬಡಿಯಿತು, ಮೂರನೆಯ ದಿನ ಹೋದಳು. ಪೊಲೀಸರು ಅಂದವಾಗಿ ಬರೆದುಕೊಂಡರು. ಬರೆದದ್ದು ಅಲ್ಲೇ ಉಳಿಯಿತು. ಮರುವರ್ಷ ಯಜಮಾನರು ಬಂದರು, ಒಂದೇ ವಾರದಲ್ಲಿ ಆ ಇಬ್ಬರನ್ನು ಹಿಡಿದರು. ಸರ ನನ್ನ ಕೈಗೆ ಬಂತು. ಅವರು ಒಂದು ವರ್ಷ ಮೊದಲೇ ಬಂದಿದ್ದರೆ ಈ ಕಾಗದವನ್ನು ನಾನು ಬರೆಯುತ್ತಿರುವಾಗ ನಿನ್ನ ಅಮ್ಮ ಪಕ್ಕದಲ್ಲಿ ನಿಂತು 'ಅಕ್ಷರ ಸ್ವಲ್ಪ ದುಂಡಗೆ ಬರೀರಿ' ಅನ್ನುತ್ತಿದ್ದಳು. ಇದನ್ನೂ ಸಮಿತಿಗೆ ಓದಿ ಹೇಳು.

ಹೊಟ್ಟೆ ತುಂಬ ಉಣ್ಣು. ಫೈಲು ತಿಂದು ಯಾರೂ ಬದುಕಿಲ್ಲ.

ನಿನ್ನ ಅಪ್ಪ


ಜನವರಿ ೨೧

ಅಪ್ಪಾ,

ನಿನ್ನ ಕಾಗದವನ್ನು ಗುರುವಾರ ಸಮಿತಿಯ ಮುಂದೆ ಓದಿದೆ. ಜನರ ಹೇಳಿಕೆಗಳನ್ನು ಓದುವುದು, ದಾಖಲೆಗೆ ಸೇರಿಸುವುದು ನನ್ನ ಕೆಲಸ. ಇದು ನನ್ನ ತಂದೆಯವರದು ಎಂದು ಮೊದಲೇ ಹೇಳಿಯೇ ಓದಿದೆ. ಪರ್ಸಿನ ಮೇಲಿನ ಕಲ್ಲಿಗೆ ಎಲ್ಲರೂ ನಕ್ಕರು. ಅಮ್ಮನ ಭಾಗ ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ನಿಲ್ಲಿಸದೆ ಕೊನೆಯವರೆಗೂ ಓದಿದೆ. ನಿನ್ನ ಬಗ್ಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಹಾಗಂತ ನಿನ್ನ ಮಾತನ್ನು ಒಪ್ಪಿದೆ ಎಂದುಕೊಳ್ಳಬೇಡ. ಆ ಲಾರಿಗಳು ನಿಮ್ಮ ಪೇಟೆ ದಾಟಿ ಎಲ್ಲಿಗೆ ಬರುತ್ತವೆ? ನಾನಿರುವ ಊರಿಗೆ. ಅವುಗಳಲ್ಲಿ ಬರುವ ಅಮಲಿನ ಪುಡಿ ಮೂಸಿ ಹಾಳಾದ ಹುಡುಗಿಯೊಬ್ಬಳು ನಮ್ಮ ಮೆಟ್ಟಿಲ ಕೆಳಗೆ ಮಲಗಿರುತ್ತಾಳೆ. ನಿಮ್ಮ ಬೀದಿಯ ಕಸವನ್ನು ಗುಡಿಸಿ ನಮ್ಮ ಬೀದಿಗೆ ಹಾಕಿದರೆ ಊರು ಸ್ವಚ್ಛವಾಯಿತು ಎನ್ನಬಹುದೇ?

ಇನ್ನೊಂದು ಮಾತು. ಪೊಲೀಸರು ತಪ್ಪು ಮಾಡಿದರೆ ಕೋರ್ಟಿದೆ, ಕೋರ್ಟು ತಪ್ಪಿದರೆ ಮೇಲಿನ ಕೋರ್ಟಿದೆ. ನಿಧಾನ, ಒಪ್ಪುತ್ತೇನೆ. ಯಜಮಾನರು ತಪ್ಪು ಮಾಡಿದರೆ ಯಾವ ಬೆಂಚಿನ ಮೇಲೆ ಹೋಗಿ ಕೂರುತ್ತೀಯ ಅಪ್ಪಾ?

ಮಾತ್ರೆಗಳನ್ನು ಬಿಡದೆ ತೆಗೆದುಕೊ.

ನಿನ್ನ ಪುಟ್ಟಿ


ಫೆಬ್ರವರಿ ೨

ಪುಟ್ಟೀ,

ಅಧ್ಯಕ್ಷರು ಕನ್ನಡಕ ತೆಗೆದಿಟ್ಟ ಸುದ್ದಿಯನ್ನು ಇಡೀ ಬೀದಿಗೆ ಹೇಳಿದ್ದೇನೆ. ಕ್ಷೌರದ ಅಂಗಡಿಯವನು ಆ ಖುಷಿಗೆ ನನ್ನ ಗಡ್ಡವನ್ನು ಬಿಟ್ಟಿಯಾಗಿ ಹೆರೆದ.

ಯಜಮಾನರು ತಪ್ಪು ಮಾಡಿದರೆ ಎಂದು ಕೇಳಿದ್ದೀಯ. ಮಾಡಿಲ್ಲವಲ್ಲ! ಯಾಕೆಂದರೆ ಅವರು ತಿಳಿದವರನ್ನು ಕೇಳದೆ ಹೆಜ್ಜೆ ಇಡುವುದಿಲ್ಲ. ನಿನ್ನೆ ನಡೆದದ್ದನ್ನೇ ಕೇಳು.

ಬಟ್ಟೆ ಅಂಗಡಿಯವರ ಮನೆಯ ಒಳಕೋಣೆಯಿಂದ ಒಡವೆಯ ಪೆಟ್ಟಿಗೆ ಹೋಗಿದೆ. ಹನ್ನೊಂದು ವರ್ಷಕ್ಕೆ ಮೊದಲ ಕಳ್ಳತನ. ಬಾಗಿಲು ಮುರಿದಿಲ್ಲ, ಬೀಗ ಒಡೆದಿಲ್ಲ. ತೆಗೆದು, ಮತ್ತೆ ಹಾಕಿಟ್ಟು ಹೋಗಿದ್ದಾರೆ. ಯಜಮಾನರ ಕಡೆಯ ಆಳು, ನಾವು ಮೌನಿ ಅನ್ನುತ್ತೇವಲ್ಲ, ಮಾತಿಗೆ ಮೀಟರು ಹಾಕಿಕೊಂಡವನು, ಅವನು ಆ ಬೀಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೇರ ನನ್ನ ಅಂಗಡಿಗೆ ಬಂದ. ಹಿಂದೆ ಹತ್ತು ಹನ್ನೆರಡು ಜನ.

"ನೋಡಿ ಹೇಳ್ಬೇಕಂತೆ" ಅಂದ.

ಬೀಗವನ್ನು ದೀಪದ ಕೆಳಗೆ ಹಿಡಿದು ಭೂತಗನ್ನಡಿ ಹಾಕಿ ನೋಡಿದೆ.

"ಬಿಚ್ಚಿ ನೋಡ್ತೀರಾ?" ಅಂತ ಕೇಳಿದ.

"ಬಿಚ್ಚೋದ್ಯಾಕಯ್ಯಾ? ನಾಡಿ ಹಿಡಿದ್ರೆ ಗೊತ್ತಾಗುತ್ತೆ, ಅದಕ್ಕೆ ಹೊಟ್ಟೆ ಕುಯ್ಬೇಕಾ?" ಅಂದೆ. ಜನ ನಕ್ಕರು.

ಒಳಗೆ ಹೊಸ ಗೀರುಗಳಿದ್ದವು. ಸರಿಯಾದ ಕೀ ಹಾಕಿ ತೆಗೆದಿದ್ದರೆ ಹಾಗೆ ಗೀರು ಬೀಳುವುದಿಲ್ಲ. ಯಾರೋ ತಂತಿ ಹಾಕಿ, ಕಿವಿಗೊಟ್ಟು ಕೇಳುತ್ತಾ, ಬೀಗದೊಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತಿದ್ದಾರೆ. ಹಾಗೆಂದು ಬಿಡಿಸಿ ಹೇಳಿದೆ. ಯಾರು ಮಾಡಿರಬಹುದು ಎಂದು ಮೌನಿ ಕೇಳಿದ.

"ಈ ಬೀಗಾನ ಕೀ ಇಲ್ದೆ ತೆಗೆಯೋಕೆ ಈ ಊರಲ್ಲಿ ಎರಡೇ ಕೈ ಇರೋದು. ಒಂದು ನಿನ್ನ ಮುಂದಿದೆ" ಎಂದು ನನ್ನ ಬಲಗೈ ಎತ್ತಿ ತೋರಿಸಿದೆ. ಮೌನಿಯೂ ನಕ್ಕ. ಅವನಿಗೂ ಹಲ್ಲಿವೆ ಎಂದು ನಿನ್ನೆಯೇ ಗೊತ್ತಾದದ್ದು.

ನೋಡಿದೆಯಾ, ಠಾಣೆಯವರಾಗಿದ್ದರೆ ಬೀಗವನ್ನು ಚೀಲಕ್ಕೆ ಹಾಕಿ ಅರಗು ಒತ್ತಿ ಎಲ್ಲಿಗೋ ಕಳಿಸಿ ಆರು ತಿಂಗಳು ಕಾಯುತ್ತಿದ್ದರು. ಇಲ್ಲಿ ಎರಡೇ ನಿಮಿಷ. ಬೀಗ ನನ್ನ ಹತ್ತಿರವೇ ಇದೆ, ಎಣ್ಣೆ ಹಾಕಿ ಬಟ್ಟೆ ಅಂಗಡಿಯವರಿಗೆ ಹೊಸ ಕೀ ಮಾಡಿಕೊಡಬೇಕಂತೆ.

ನಿನ್ನ ಅಪ್ಪ


ಫೆಬ್ರವರಿ ೧೨

ಅಪ್ಪಾ,

ನಿನ್ನ ಕಾಗದ ಈಗಷ್ಟೇ ಬಂತು, ನಿಂತಲ್ಲೇ ಉತ್ತರ ಬರೆಯುತ್ತಿದ್ದೇನೆ.

ಎರಡನೆಯ ಕೈ ಯಾರದು? ತಾತ ಆ ಕೆಲಸ ಕಲಿಸಿದ್ದು ಇಬ್ಬರಿಗೇ. ನಿನಗೆ ಮತ್ತು ಚಿಕ್ಕಪ್ಪನಿಗೆ. ನೀವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಆದರೂ ಅವನು ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದಾನೆ ಎನ್ನುವುದು ಆ ಹತ್ತು ಹನ್ನೆರಡು ಜನರಲ್ಲಿ ಯಾರಿಗೆ ಗೊತ್ತಿಲ್ಲ?

ನೀನು ಅವನ ಹೆಸರು ಹೇಳಿಲ್ಲ ಎನ್ನುತ್ತೀಯ. ಹೇಳಬೇಕಾಗಿಯೇ ಇರಲಿಲ್ಲ.

ಈಗಲೇ ಹೋಗಿ ನೋಡು. ಆಮೇಲೆ ನನಗೆ ಬರೆ.

ಪುಟ್ಟಿ


ಫೆಬ್ರವರಿ ೨೦

ಪುಟ್ಟೀ,

ಕೈತುಂಬ ಕೆಲಸ, ಅದಕ್ಕೇ ಕಾರ್ಡು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಸೌಖ್ಯ. ಬಿಸಿಲು ಈ ಸಲ ಬೇಗ ಶುರುವಾಗಿದೆ. ನೀನು ಮಡಕೆಯ ನೀರು ಕುಡಿ, ಯಂತ್ರದ ತಣ್ಣನೆಯ ನೀರು ಗಂಟಲಿಗೆ ಆಗುವುದಿಲ್ಲ.

ಅಪ್ಪ


ಮಾರ್ಚ್ ೬

ಮಗೂ,

ನಿನ್ನ ಕಾಗದ ಬಂತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಇರುವೆ ಸಾಲಿನ ಹಾಗಿದ್ದರೆ ನಗಬೇಡ. ನಿನ್ನ ಚಿಕ್ಕಮ್ಮ ಆಗಲೇ ಬೇಕಾದಷ್ಟು ನಕ್ಕಿದ್ದಾಳೆ, ಅತ್ತೂ ಇದ್ದಾಳೆ.

ಮರದ ಡಿಪೋದಲ್ಲಿ ಬಾಗಿಲ ಸಂದಿಗೆ ಬಲಗೈ ಸಿಕ್ಕಿತು. ಹೋದ ತಿಂಗಳು ನಾಲ್ಕನೆಯ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆಗೆ. ನಾಲ್ಕು ಬೆರಳು. ಮೂರು ಮಡಚಲು ಬರುವುದಿಲ್ಲ, ಹೆಬ್ಬೆರಳಿಗೆ ಏನೂ ಆಗಿಲ್ಲ. ಡಾಕ್ಟರು ಒಳ್ಳೆಯವರು. ಅಂಗಡಿ ಸದ್ಯಕ್ಕೆ ಮುಚ್ಚಿದೆ. ಚಿಕ್ಕಮ್ಮನ ಹೊಲಿಗೆಯಿಂದ ಮನೆ ನಡೆಯುತ್ತಿದೆ, ನೀನು ಏನೂ ಕಳಿಸಬೇಡ.

ಇನ್ನೇನೂ ಬರೆಯುವುದಿಲ್ಲ. ಬರೆದು ಆಗುವುದೇನೂ ಇಲ್ಲ. ನಿನ್ನ ಅಪ್ಪನಿಗೆ ಬೈದು ಕಾಗದ ಹಾಕಬೇಡ. ಅವನಿಗೆ ಬಿ.ಪಿ. ಇದೆ.

ಚಿಕ್ಕಪ್ಪ


ಮಾರ್ಚ್ ೧೨

ಅಪ್ಪಾ,

ನಲವತ್ತು ವರ್ಷ ಬಾಗಿಲುಗಳ ಜೊತೆ ಬದುಕಿದವನ ಕೈ ಬಾಗಿಲ ಸಂದಿಗೆ ಸಿಕ್ಕಿತಂತೆ. ಚಿಕ್ಕಪ್ಪ ಬರೆದಿದ್ದಾನೆ, ಎಡಗೈಯಲ್ಲಿ. ಕಾಗದವನ್ನು ಇದರ ಜೊತೆಗಿಟ್ಟಿದ್ದೇನೆ. ಓದಿ, ವಾಪಸು ಕಳಿಸು.

ಬೈಯಬೇಡ ಎಂದಿದ್ದಾನೆ. ಬೈಯುತ್ತಿಲ್ಲ.

ಪುಟ್ಟಿ


ಮಾರ್ಚ್ ೨೯

ಪುಟ್ಟೀ,

ತಮ್ಮನ ಕಾಗದವನ್ನು ವಾಪಸು ಕಳಿಸುತ್ತಿದ್ದೇನೆ. ಎಷ್ಟು ಸಲ ಓದಿದೆನೋ, ಮಡಿಕೆಯ ಹತ್ತಿರ ಹರಿದಿದೆ. ಟೇಪು ಅಂಟಿಸಿದ್ದೇನೆ.

ಈಗ ಹೇಳುವುದನ್ನು ಪೂರ್ತಿ ಓದು, ನಡುವೆ ಎದ್ದು ಓಡಾಡಬೇಡ.

ಫೆಬ್ರವರಿ ಹದಿನೇಳಕ್ಕೆ ಬಟ್ಟೆ ಅಂಗಡಿಯವರು ಬೀಗಕ್ಕೆ ಹೇಳಿ ಕಳಿಸಿದರು. ಎಣ್ಣೆ ಹಾಕುವ ಮೊದಲು ಬಿಚ್ಚಿದೆ. ಪಿನ್ನುಗಳನ್ನು ಚಿಮಟದಲ್ಲಿ ಎತ್ತಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ತಂತಿ ಹಾಕಿ ತೆಗೆದ ಬೀಗವಾದರೆ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ, ಒಂದು ಪಿನ್ನಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಇವುಗಳ ಮೇಲೆ ಇದ್ದದ್ದು ಒಂದೇ ಥರದ ಗೀರು. ಎಲ್ಲ ಪಿನ್ನುಗಳ ಮೇಲೂ ಒಂದೇ ಜಾಗದಲ್ಲಿ, ಅಕ್ಕಪಕ್ಕ ಎರಡು ಎಳೆ.

ಅದು ತಂತಿಯ ಗುರುತಲ್ಲ. ಅದು ಸರಿಯಾಗಿ ಉಜ್ಜದ ಡೂಪ್ಲಿಕೇಟ್ ಕೀಯ ಗುರುತು. ನನ್ನ ಅರದಲ್ಲಿ ಒಂದು ಹಲ್ಲು ಮುರಿದಿದೆ, ವರ್ಷದ ಮೇಲಾಯಿತು. ಅದರಲ್ಲಿ ಕೀ ಉಜ್ಜಿದರೆ ಕೂದಲೆಳೆಯಷ್ಟು ಏಣು ಉಳಿಯುತ್ತದೆ, ಎರಡು ಎಳೆಯಾಗಿ. ನುಣ್ಣನೆಯ ಅರ ತೆಗೆದುಕೊಂಡು ಮತ್ತೊಮ್ಮೆ ಉಜ್ಜಿದರೆ ಹೋಗುತ್ತದೆ. ಮತ್ತೊಮ್ಮೆ ಉಜ್ಜುವ ತಾಳ್ಮೆ ನನಗಿಲ್ಲ. ಪುಟ್ಟೀ, ಆ ಕೀ ಮಾಡಿದವನು ನಾನು.

ಆಗ ನೆನಪಾಯಿತು. ಡಿಸೆಂಬರಿನಲ್ಲಿ ಆ ಮನೆಯವರೇ ಒಬ್ಬರು ಬಂದು, ಇದರ ಜೊತೆಗೆ ಇನ್ನೊಂದು ಇರಲಿ ಎಂದು ಮಾಡಿಸಿಕೊಂಡು ಹೋಗಿದ್ದರು. ಅವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಾಡಿ ಕೊಟ್ಟಿದ್ದೆ, ಎಷ್ಟು ಬೇಗ ಮಾಡ್ತೀರಿ ಎಂದು ಹೊಗಳಿದ್ದರು. ಯಾರೆಂದು ಇಲ್ಲಿ ಬರೆಯುವುದಿಲ್ಲ. ಈ ಕಾಗದವೂ ಯಜಮಾನರ ಬೀದಿಯಲ್ಲೇ ಹಾದು ಹೋಗಬೇಕು.

ನನ್ನ ತಮ್ಮ ನಾವು ಬೇರೆಯಾಗುವ ಮುಂಚೆ ಒಬ್ಬ ಗಿರಾಕಿಯ ಎದುರಿಗೆ, "ನಮ್ಮಣ್ಣನ ಕೈ ಚುರುಕು, ಕಣ್ಣಿಗೆ ಅವಸರ" ಅಂದಿದ್ದ. ಆ ಒಂದು ಮಾತಿಗೆ ನಾನು ಅವನ ಜೊತೆ ಮಾತು ಬಿಟ್ಟದ್ದು. ಆಸ್ತಿಗಾಗಿ ಎಂದು ಎಲ್ಲರೂ ತಿಳಿದಿದ್ದಾರೆ, ಹಾಗೇ ತಿಳಿಯಲಿ ಎಂದು ನಾನೂ ಸುಮ್ಮನೆ ಬಿಟ್ಟಿದ್ದೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ದಿನ ಕೈ ಎತ್ತಿ ತೋರಿಸುವಾಗ ಅವನ ಮೇಲಿನ ಸಿಟ್ಟು ಇತ್ತೇ ಎಂದು ನೀನು ಕೇಳುತ್ತೀಯ. ಅವನ ನೆನಪೇ ಬರಲಿಲ್ಲ ಎಂದರೆ ನಂಬುತ್ತೀಯಾ? ಹತ್ತು ಜನ ನೋಡುತ್ತಿದ್ದರು, ನಗುತ್ತಿದ್ದರು, ಅಷ್ಟೇ ಸಾಕಾಗಿತ್ತು. ತಮ್ಮನನ್ನು ದ್ವೇಷದಿಂದ ಹಿಡಿದು ಕೊಟ್ಟಿದ್ದರೆ ಅದಕ್ಕೊಂದು ಕಾರಣವಾದರೂ ಇರುತ್ತಿತ್ತು. ನಾನು ಒಂದು ತಮಾಷೆಗಾಗಿ ಕೊಟ್ಟೆ.

ಬಿಸಿಲು ಬೇಗ ಶುರುವಾಗಿದೆ ಎಂದು ಕಾರ್ಡು ಬರೆದೆನಲ್ಲ, ಆಗ ಇದೆಲ್ಲ ನನಗೆ ಗೊತ್ತಾಗಿ ಮೂರು ದಿನವಾಗಿತ್ತು. ನಾಚಿಕೆಯಾಗುತ್ತಿದೆ. ನಿನ್ನ ಅಮ್ಮ ಹೋದಾಗಲೂ ಇಷ್ಟು ಒಂಟಿಯಾಗಿರಲಿಲ್ಲ ನಾನು.

ಅಪ್ಪ


ಏಪ್ರಿಲ್ ೫

ಅಪ್ಪಾ,

ಎದ್ದು ಓಡಾಡಲಿಲ್ಲ. ಕೂತೇ ಓದಿದೆ.

ನಿನಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ. ಸಮಿತಿ ವರದಿಯ ಕರಡು ಬರೆಯುತ್ತಿದೆ. ನಿಮ್ಮ ಪೇಟೆಯನ್ನು ಈಗಿರುವ ಹಾಗೇ ಬಿಡುವುದು ಒಳ್ಳೆಯದು ಎನ್ನುವ ಕಡೆಗೆ ಹೆಚ್ಚಿನವರು ವಾಲಿದ್ದಾರೆ. ದೂರುಗಳೇ ಇಲ್ಲದಿರುವುದು ಅವರಿಗೆ ಹಿಡಿಸಿದೆ. ಅದಕ್ಕಿಂತ ಹೆಚ್ಚಾಗಿ ನಿನ್ನ ಕಾಗದ ಹಿಡಿಸಿದೆ. ಅಧ್ಯಕ್ಷರು ಅದನ್ನು 'ಬೀದಿಯ ದನಿ' ಎನ್ನುತ್ತಾರೆ. ಪರ್ಸಿನ ಮೇಲಿನ ಕಲ್ಲು ಕರಡಿನ ಮೊದಲ ಪುಟದಲ್ಲೇ ಇದೆ. ಅದನ್ನು ಓದಿದವಳು ನಾನು, ಹೆಮ್ಮೆಯಿಂದ ಓದಿದವಳು. ಚಿಕ್ಕಪ್ಪನ ಬೆರಳುಗಳ ಲೆಕ್ಕ ಆ ವರದಿಯಲ್ಲಿ ಎಲ್ಲಿಯೂ ಇಲ್ಲ. ಯಾಕೆಂದರೆ ಅವನು ದೂರು ಕೊಟ್ಟಿಲ್ಲ. ನಿಮ್ಮ ಪೇಟೆಯಲ್ಲಿ ದೂರುಗಳು ಯಾಕಿಲ್ಲ ಎಂದು ಈಗ ನನಗೆ ಅರ್ಥವಾಗುತ್ತಿದೆ.

ನಿನ್ನ ಕಾಗದವನ್ನು ಫೈಲಿನಿಂದ ಸದ್ದಿಲ್ಲದೆ ತೆಗೆದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ನನ್ನ ಕಪಾಟು, ನನ್ನದೇ ಕೀ, ಯಾರಿಗೂ ತಿಳಿಯುತ್ತಿರಲಿಲ್ಲ. ತೆಗೆಯಲಿಲ್ಲ. ಹೇಳಿಕೆ ಕೊಟ್ಟವರೇ ಬಂದು, ಎಲ್ಲರ ಎದುರಿಗೆ, ನಾನು ಹೇಳಿದ್ದು ಅರ್ಧ ಮಾತ್ರ ಎಂದು ಹೇಳಿದರೆ ಅದು ಬದಲಾಗುತ್ತದೆ. ಇಲ್ಲಿನ ನಿಯಮ ಅದು. ಸದಸ್ಯರು ಪ್ರಶ್ನೆ ಕೇಳುತ್ತಾರೆ, ಸುಲಭವಾಗಿ ಬಿಡುವುದಿಲ್ಲ. ಕೊನೆಯ ಬೈಠಕ್ಕು ಮೇ ಹದಿನಾಲ್ಕಕ್ಕೆ, ಬೆಳಿಗ್ಗೆ ಹತ್ತೂವರೆಗೆ.

ಬಾ ಎಂದು ಹೇಳುವ ಧೈರ್ಯ ನನಗಿಲ್ಲ. ನೀನು ದಿನಾ ಆ ಬೀದಿಯಲ್ಲೇ ಓಡಾಡಬೇಕಾದವನು. ಯಜಮಾನರು ಸುಮ್ಮನಿರುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ನೀನು ಬರದೆ ಇದ್ದರೂ ನನ್ನ ಅಪ್ಪನೇ.

ಪುಟ್ಟಿ


ಏಪ್ರಿಲ್ ೨೭

ಪುಟ್ಟೀ,

ಉತ್ತರ ತಡವಾಯಿತು. ಮೂರು ಕಡೆ ಹೋಗಿ ಬರಬೇಕಾಗಿತ್ತು. ಮೂರೂ ನಡೆದು ಹೋಗುವಷ್ಟೇ ದೂರ, ಆದರೂ ಹೊರಡುವುದಕ್ಕೆ ಇಷ್ಟು ದಿನ ಬೇಕಾಯಿತು.

ಮೊದಲು ಡಿಪೋಗೆ ಹೋದೆ. ಬೆಳಿಗ್ಗೆ ಹತ್ತು ಗಂಟೆ, ಬೆಂಚು ತುಂಬಿತ್ತು. ನಲ್ಲಿ ನೀರಿನ ಜಗಳದವರಿಬ್ಬರು, ಗಂಡ ಹೊಡೆಯುತ್ತಾನೆ ಎಂದು ಬಂದವಳೊಬ್ಬಳು, ಹಾಲಿನ ಅಂಗಡಿಯವಳು, ಹೀಗೆ. ಯಜಮಾನರು ನನ್ನನ್ನು ಕಂಡು ಎದ್ದು ನಿಂತರು, ಚಹಾ ತರಿಸಿದರು. ಅವರ ನಡವಳಿಕೆಯಲ್ಲಿ ತಪ್ಪು ಹುಡುಕಲಾಗದು. ನಾನು ಇನ್ನೂ ವಾಪಸು ಕೊಡದೆ ಇಟ್ಟುಕೊಂಡಿದ್ದ ಬೀಗವನ್ನು ಬಿಚ್ಚಿ, ಪಿನ್ನುಗಳನ್ನು ಮೇಜಿನ ಮೇಲೆ ಹರಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಆವತ್ತು ನಾನು ಬಿಚ್ಚಿ ನೋಡದೆ ಹೇಳ್ದೆ. ತಪ್ಪು ಹೇಳ್ದೆ. ಕೀ ಹಾಕಿಯೇ ತೆಗೆದಿದ್ದಾರೆ. ಆ ಕೀ ನಾನೇ ಮಾಡಿದ್ದು. ನನ್ನ ತಮ್ಮ ಏನೂ ಮಾಡಿಲ್ಲ."

ಯಜಮಾನರು ನನ್ನ ಭುಜದ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಸಿಟ್ಟಾಗಲಿಲ್ಲ.

"ಬೀಗದಣ್ಣ, ನೀವು ದೊಡ್ಡ ಮನಸ್ಸಿನವರು, ಬಂದು ಹೇಳಿದ್ರಿ. ಇಲ್ಲಿಗೆ ಬಿಡಿ. ನಾನು ತಪ್ಪು ಮಾಡ್ದೆ ಅಂತ ಇವತ್ತು ಊರಿಗೆ ಗೊತ್ತಾದ್ರೆ ನಾಳೆ ಬೀದಿಗೆ ಹತ್ತು ಕಳ್ಳರು ಇಳೀತಾರೆ. ಭಯ ಇದ್ದಷ್ಟು ದಿನ ನೆಮ್ಮದಿ. ನಿಮ್ಮ ತಮ್ಮನ ನಾಲ್ಕು ಬೆರಳು ಒಂದು ಕಡೆ ಇಡಿ, ಇಡೀ ಪೇಟೆಯ ಹೆಂಗಸರು ಮಕ್ಕಳನ್ನ ಇನ್ನೊಂದು ಕಡೆ ಇಡಿ. ನೀವೇ ತೂಗಿ ಹೇಳಿ."

ಜನವರಿಯಲ್ಲಿ ಕೇಳಿದ್ದರೆ ತೂಗಿ, ತಲೆಯಾಡಿಸಿ, ಚಹಾ ಕುಡಿದು ಬರುತ್ತಿದ್ದೆ. ಆ ಮಾತಿನಲ್ಲಿ ಹುರುಳಿಲ್ಲ ಎಂದು ಈಗಲೂ ಹೇಳುವುದಿಲ್ಲ. ಅವರು ಹೋದರೆ ನಾಳೆ ಯಾರದೋ ಕೊರಳಿಗೆ ಯಾರೋ ಕೈ ಹಾಕಬಹುದು. ಆದರೆ ತೂಗುವವರು ತಕ್ಕಡಿಯಲ್ಲಿ ಇಡುತ್ತಿರುವುದು ಯಾವಾಗಲೂ ಬೇರೆಯವರ ಬೆರಳು. ನಾನೂ ಅಷ್ಟು ವರ್ಷ ಅದನ್ನೇ ಮಾಡಿದೆ.

ಆಮೇಲೆ ಅವರು ಕೇಳಿದರು. "ಆ ಕೀ ಯಾರಿಗೆ ಮಾಡಿಕೊಟ್ರಿ? ಹೇಳಿ ಸಾಕು. ನಿಮ್ಮ ತಮ್ಮನಿಗೆ ನ್ಯಾಯ ಸಿಗ್ಲಿ."

ನ್ಯಾಯ ಎಂದರೆ ಇನ್ನೊಂದು ಬಲಗೈ ಎಂದು ಇಬ್ಬರಿಗೂ ಗೊತ್ತಿತ್ತು. ಮೌನಿ ಬಾಗಿಲಲ್ಲೇ ನಿಂತಿದ್ದ. ಆ ಕೀ ತೆಗೆದುಕೊಂಡು ಹೋದವರೇ ಕದ್ದರೋ, ಅವರ ಜೇಬಿನಿಂದ ಇನ್ಯಾರಾದರೂ ಎತ್ತಿಕೊಂಡರೋ, ನನಗೇನು ಗೊತ್ತು? ಒಂದು ಸಲ ಗೊತ್ತಿದೆ ಎಂದುಕೊಂಡು ಬಾಯಿಬಿಟ್ಟಿದ್ದೆ.

"ಇಲ್ಲಿ ಹೇಳಲ್ಲ" ಅಂದೆ.

"ಎಲ್ಲಿ ಹೇಳ್ತೀರಿ?"

"ಆ ಮನುಷ್ಯನಿಗೂ ಬಾಯಿ ಬಿಡೋಕೆ ಅವಕಾಶ ಇರೋ ಕಡೆ ಹೇಳ್ತೀನಿ."

ಯಜಮಾನರು, ಬೀಗವನ್ನು ಇಲ್ಲೇ ಇಟ್ಟು ಹೋಗಿ ಎಂದರು. ನಾನು ಹೊರಗಿನ ಮೇಜಿನ ಹತ್ತಿರ ಬಂದು ಪಿನ್ನುಗಳನ್ನು ಒಂದೊಂದಾಗಿ ಆರಿಸಿಕೊಂಡು ಜೇಬಿಗೆ ಹಾಕಿಕೊಂಡೆ, ಬೀಗವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಯಾರೂ ತಡೆಯಲಿಲ್ಲ. ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿದರು. ಹಾಲಿನ ಅಂಗಡಿಯವಳು ಮಾತ್ರ ಎದ್ದು ನನ್ನ ಜೊತೆ ತಿರುವಿನವರೆಗೆ ನಡೆದು ಬಂದಳು. ಆ ದಿನದಿಂದ ಕ್ಷೌರದ ಅಂಗಡಿಯವನಿಗೆ ನನ್ನನ್ನು ಕಂಡರೆ ತುಂಬ ಕೆಲಸ ಬಂದುಬಿಡುತ್ತದೆ. ಇರಲಿ, ಗಡ್ಡ ನಾನೇ ಹೆರೆದುಕೊಳ್ಳುತ್ತೇನೆ.

ಠಾಣೆಗೂ ಹೋಗಿ ತಮ್ಮನ ಕೈಗೆ ಆದದ್ದರ ಬಗ್ಗೆ ದೂರು ಬರೆಸಿದೆ. ಈ ಪೇಟೆಯಿಂದ ದೂರು ಬಂದು ಎಷ್ಟು ವರ್ಷವಾಯಿತೋ, ಬರೆದುಕೊಳ್ಳುವವರು ಪೆನ್ನು ಹುಡುಕಬೇಕಾಯಿತು. ಇದನ್ನು ನಿಜವಾಗಿಯೂ ಬರೀಬೇಕಾ ಎಂದು ಎರಡು ಸಲ ಕೇಳಿದರು. ಬರೀರಿ, ದುಂಡಗೆ ಬರೀರಿ ಎಂದೆ. ದೂರಿನ ನಕಲು ಈ ಕಾಗದದ ಜೊತೆಗಿದೆ, ಭದ್ರವಾಗಿಡು.

ಅಲ್ಲಿಂದ ತಮ್ಮನ ಮನೆಗೆ ಹೋದೆ. ನಿನ್ನ ಚಿಕ್ಕಮ್ಮ ಬಾಗಿಲು ತೆಗೆದು, ನನ್ನನ್ನು ನೋಡಿ, ಒಳಗೆ ಬನ್ನಿ ಅನ್ನಲಿಲ್ಲ, ಬರಬೇಡಿ ಅಂತಲೂ ಅನ್ನಲಿಲ್ಲ. ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತು ಪೆಡಲು ತುಳಿಯತೊಡಗಿದಳು. ಯಂತ್ರದಲ್ಲಿ ಬಟ್ಟೆ ಇರಲಿಲ್ಲ.

ಅವನು ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಅವರೆ ಬಿಡಿಸುತ್ತಿದ್ದ. ಬಲಗೈ ತೊಡೆಯ ಮೇಲೆ ಬೋರಲಾಗಿತ್ತು. ಒಂಬತ್ತು ವರ್ಷದಲ್ಲಿ ನಮ್ಮಪ್ಪನ ಹಾಗೇ ಆಗಿದ್ದಾನೆ, ಅದೇ ಕಿವಿ, ಅದೇ ಬೋಳು. ಬೀಗ, ಪಿನ್ನು, ಅರ, ತಮಾಷೆ, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು, ಹೊರಗೆ ಬರಲಿಲ್ಲ, ಅಷ್ಟು ಸಣ್ಣ ಮಾತು ಅದು. ಅವನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ಅಣ್ಣ ಅನ್ನುವುದೆಲ್ಲ ಆಗ ನೆನಪಿರಲಿಲ್ಲ.

ಬೈಯುತ್ತಾನೆ ಎಂದುಕೊಂಡಿದ್ದೆ. ಹೊಡೆದರೂ ಸಹಿಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವನು ಅವರೆಯ ತಟ್ಟೆ ಪಕ್ಕಕ್ಕಿಟ್ಟು ಕೇಳಿದ್ದು ಇಷ್ಟು.

"ಆವತ್ತು ನೀನು ಇಲ್ಲಿಗೆ ಬಂದು, ನೀನು ಮಾಡಿದ್ಯೇನೋ ಅಂತ ಒಂದೇ ಒಂದ್ಸಲ ಕೇಳಬಹುದಿತ್ತಲ್ಲಣ್ಣ? ಮಾತು ಬಿಟ್ಟಿದ್ರೂ ಅಷ್ಟು ಕೇಳಬಹುದಿತ್ತು. ಡಿಪೋದಲ್ಲೂ ಯಾರೂ ಕೇಳ್ಲಿಲ್ಲ. ಬಾ ಅಂದ್ರು, ಕೈ ಇಡು ಅಂದ್ರು. ಕೇಳ್ತಾರೆ, ಕೇಳಿದಾಗ ಹೇಳೋಣ ಅಂತ ನಾನು ಕೊನೇವರೆಗೂ ಕಾಯ್ತಾ ಇದ್ದೆ."

ನಿನ್ನ ಚಿಕ್ಕಮ್ಮ ಪೆಡಲು ನಿಲ್ಲಿಸಿದಳು. ನಾನು ಅತ್ತೆ. ಅವಳೆದುರಿಗೆ, ಅವನೆದುರಿಗೆ, ಬಾಗಿಲು ತೆರೆದೇ ಇತ್ತು, ಬೀದಿಯವರು ನೋಡಿದರೆ ನೋಡಲಿ.

ಹದಿನಾಲ್ಕಕ್ಕೆ ಬರುತ್ತೇನೆ. ನನ್ನ ಮೊದಲ ಕಾಗದ ಫೈಲಿನಲ್ಲೇ ಇರಲಿ ಬಿಡು, ಹರಿಯಬೇಡ. ಅದರಲ್ಲಿರುವುದು ಸುಳ್ಳಲ್ಲ, ಉಳಿದರ್ಧವನ್ನು ನಾನು ಬಂದು ಹೇಳುತ್ತೇನೆ. ನಿನ್ನ ಸದಸ್ಯರು ಎಷ್ಟು ಪ್ರಶ್ನೆ ಬೇಕಾದರೂ ಹಾಕಲಿ, ಸಂಜೆಯಾದರೂ ಪರವಾಗಿಲ್ಲ, ನಿಂತು ಉತ್ತರ ಕೊಡುತ್ತೇನೆ.

ಆದರೆ ನಾನು ಒಬ್ಬನೇ ಬರುತ್ತಿಲ್ಲ. ತಮ್ಮನನ್ನೂ ಬಾ ಎಂದು ಕರೆದೆ, ಯೋಚಿಸಿ, ಬರ್ತೀನಿ ಅಂದ. ಇಬ್ಬರಿಗೂ ಟಿಕೆಟ್ಟು ತೆಗೆಸಿದ್ದೇನೆ. ಅಧ್ಯಕ್ಷರಿಗೆ ಒಂದು ಮಾತು ಮುಂಚೆಯೇ ಹೇಳಿಡು. ನನ್ನನ್ನು ಆಮೇಲೆ ಕೇಳಲಿ. ಮೊದಲು ಅವನನ್ನು ಕೇಳಲಿ.

ನಿನ್ನ ಅಪ್ಪ